ಒಸಡಿನ ಬಣ್ಣ

…ಅದೇ ಹೇಳ್ತಿದೀನಲ್ಲ, ಆ ಟೆಕ್ಸಾಸಿನವನು ಒಪ್ಪಲೇ ಇಲ್ಲ ಅಂತ. ಬೆಳಿಗ್ಗೆ ಎಂಟಕ್ಕೇ ಬಂದು ಈ ಮೇಜಿನ ಮೇಲೆ ಮೀನು ಹಾಕಿ, "ಅಮ್ಮಾ, ಬೆಳ್ಳಿ ಮೀನು, ಬರ್ಕೊಳ್ಳಿ" ಅಂದ. ನೋಡಿದ್ರೆ ಗೂನು ಮೀನು. ಬೆನ್ನು ದಿಬ್ಬದ ಹಾಗೆ ಎದ್ದಿದೆ, ಬಾಲದ ತುಂಬ ಹೆಬ್ಬೆಟ್ಟು ಒತ್ತಿದ ಹಾಗೆ ದಪ್ಪ ದಪ್ಪ ಚುಕ್ಕೆ. "ಸ್ವಾಮಿ, ಇದು ಗೂನು, ನಮ್ಮೂರಲ್ಲಿ ಇದನ್ನ ನಾಯಿಗೆ ಎರಡನೇ ಸಲ ಬಡಿಸಿದ್ರೆ ಅದೂ ಮೂತಿ ತಿರುಗಿಸತ್ತೆ" ಅಂದೆ. ಅವನು ಫೋನು ತೆಗೆದು ಮೀನಿನ ಚಿತ್ರ ತೋರಿಸ್ತಾನೆ. ಯಾರಿಗೆ? ನನಗೆ ಕಣೇ, ಫೆಕ್ಲಾ. ಇಪ್ಪತ್ತೆರಡು ವರ್ಷದಿಂದ ಈ ತಕ್ಕಡಿ ಹಿಂದೆ ನಿಂತಿರೋ ಅನೀಸ್ಯಾಗೆ.

ನಗು ಬರಲಿಲ್ವಾ ನಿಂಗೆ? ಊರೆಲ್ಲ ಬಿದ್ದೂ ಬಿದ್ದೂ ನಕ್ಕಿತು.

ಕೊನೆಗೆ ಅವನಿಗೆ ಪಾಠ ಮಾಡ್ದೆ. ನೋಡಪ್ಪ, ಸಾಲ್ಮನ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಬಾಲದ ಮೇಲಿನ ಅರ್ಧಕ್ಕೆ ಮಾತ್ರ ಸಣ್ಣ ಚುಕ್ಕೆ ಇದ್ರೆ ಬೆಳ್ಳಿ. ಮೇಲೂ ಕೆಳಗೂ ಚುಕ್ಕೆ ಇದ್ರೆ ರಾಜ. ಚುಕ್ಕೆಯೇ ಇಲ್ಲ ಅಂದ್ರೆ ಕೆಂಪೋ, ನಾಯಿ ಮೀನೋ, ನಿನ್ನ ಹಣೆಬರಹ ಇದ್ದ ಹಾಗೆ. ಅಷ್ಟಕ್ಕೂ ಅನುಮಾನ ಇದ್ರೆ ಬಾಯಿ ತೆಗೆದು ಕೆಳಗಿನ ಒಸಡು ನೋಡು. ಹಲ್ಲಿನ ಬುಡ ಬಿಳಿ ಇದ್ರೆ ಬೆಳ್ಳಿ, ಕಪ್ಪಗಿದ್ರೆ ರಾಜ. ಅಷ್ಟೇ ವಿದ್ಯೆ. "ಬೆರಳು ಹಾಕಿದ್ರೆ ಕಚ್ಚತ್ತಾ?" ಅಂತ ಕೇಳ್ದ. "ಸತ್ತು ಮೂರು ಗಂಟೆ ಆಗಿದೆ, ಹಾಕಿ" ಅಂದೆ. ಪಾಪ, ಮೀನು ಇಲ್ಲೇ ಬಿಟ್ಟು ತಿಂಡಿಗೆ ಹೋದ.

ಕೂತ್ಕೋ. ಬೇಡ್ವಾ? ಹೋಗ್ಲಿ, ಆ ಒದ್ದೆ ಚೀಲನಾದ್ರೂ ಕೆಳಗಿಡು, ಕೈ ಬಿದ್ದುಹೋಗತ್ತೆ. ಟೀ ಬಿಸಿ ಇದೆ. ಎಲ್ಲಾರೂ ಪಕ್ಕದಲ್ಲಿ ಚರ್ಚಿನ ಹಾಲಿನಲ್ಲಿ ಊಟಕ್ಕೆ ಕೂತಿದಾರೆ. ಈ ಸಲ ಪೆರೋಕ್ ಕಡುಬಿಗೆ ಅನ್ನ ಜಾಸ್ತಿ, ಮೀನು ಕಮ್ಮಿ ತುಂಬಿದಾರೆ. ಕೊಲ್ಲಿ ತುಂಬ ಮೀನಿಟ್ಕೊಂಡು ಈ ಜಿಪುಣತನ ಯಾಕೋ. ನಾಲ್ಕಕ್ಕೆ ಬೆಳ್ಳಿ ಮೀನಿನ ಪಂದ್ಯ ಮುಗಿಯತ್ತೆ, ಈಗ ಮೂರೂಕಾಲು. ನೀನೇ ಕೊನೆಯವಳು ಅನ್ಸತ್ತೆ.

ನನ್ನ ಪತ್ರ ತಲುಪಿತು ತಾನೇ? ಉತ್ತರ ಬರ್ಲಿಲ್ಲ, ಇವಳೆಲ್ಲಿ ಬರ್ತಾಳೆ ಅಂದ್ಕೊಂಡೆ. ಬೆಳಿಗ್ಗೆ ಟಿಕೆಟ್ ಪುಸ್ತಕದಲ್ಲಿ ನಿನ್ನ ಹೆಸರು ನೋಡಿದಾಗ ಎದೆ ಧಸಕ್ ಅಂತು. ಸಂತೋಷಕ್ಕೆ ಕಣೇ, ಸಂತೋಷಕ್ಕೆ. ಪಂದ್ಯ ನಡೆಸ್ತಿದ್ದ ಗೆರಾಸಿಂ ತೀರಿಹೋದ ಮೇಲೆ, ಪಂದ್ಯದಿಂದ ಹೊರಗಿಟ್ಟವರನ್ನೆಲ್ಲ ಮತ್ತೆ ಸೇರಿಸ್ಕೋಬೇಕು ಅಂತ ಸಭೇಲಿ ಎದ್ದು ನಿಂತು ಹೇಳಿದ್ದು ಯಾರು ಗೊತ್ತಾ? ನಾನು. ಹೊರಗಿಟ್ಟವರು ಅಂದ್ರೆ ಇನ್ಯಾರು, ನೀನೊಬ್ಬಳೇ. ಒಂದು ಮೀನಿಗೆ ಇಪ್ಪತ್ತೆರಡು ವರ್ಷ ಶಿಕ್ಷೆ ಸಾಲದಾ ಅಂದೆ. ಎಲ್ಲಾರೂ ಕೈ ಎತ್ತಿದ್ರು. ಅನೀಸ್ಯಾ ಮನಸ್ಸು ದೊಡ್ಡದು ಅಂದ್ರು.

ಯಾಕೆ ಹುಬ್ಬು ಹಾರಿಸ್ತೀಯಾ? ಅವರು ಅಂದಿದ್ದು, ನಾನಲ್ಲ.

ಚೆನ್ನಾಗಿದೀಯಾ ಆದ್ರೂ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನದೂ ಆಗಿದೆ, ನಾನು ಬಣ್ಣ ಹಾಕ್ತೀನಿ ಅಷ್ಟೇ. ಕೋಡಿಯಾಕ್ ಊರಿನ ಮೀನು ಕಾರ್ಖಾನೆ ಕೆಲಸ ಬಿಟ್ಟೆಯಂತೆ. ಮಂಡಿನಾ? ಇಷ್ಟು ವರ್ಷ ತಣ್ಣೀರಲ್ಲಿ ನಿಂತು ಮೀನು ವಿಂಗಡಿಸಿದ್ರೆ ಕಬ್ಬಿಣದ ಮಂಡಿನೂ ಹೋಗತ್ತೆ. ಅಲ್ಲಿ ನಿನ್ನ ಕೈಯನ್ನ ಎಲ್ಲಾರೂ ಹೊಗಳ್ತಾರಂತೆ. ಗಂಟೆಗಟ್ಟಲೆ ಮೀನು ಹರ್ಕೊಂಡು ಬರ್ತಿದ್ರೂ ರಾಜ ಈ ಕಡೆ, ಬೆಳ್ಳಿ ಆ ಕಡೆ, ಕೆಂಪು ಇನ್ನೊಂದು ಕಡೆ, ಒಂದೇ ಒಂದು ತಪ್ಪಿಲ್ಲವಂತೆ. ಕೇಳಿ ನಂಗೆ… ಹೆಮ್ಮೆ ಆಯ್ತು. ಯಾಕಾಗ್ಬಾರ್ದು? ಒಂದೇ ಅಪ್ಪನ ಮಕ್ಕಳು, ಒಂದೇ ದೋಣಿಲಿ ಕಲಿತೋರು ನಾವು.

ಅಪ್ಪ ಹೇಗೆ ಕಲಿಸ್ತಿದ್ದ ನೆನಪಿದೆಯಾ? ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ, ಮಡಿಲಲ್ಲಿ ಮೀನು ಹಾಕಿ, ಹೇಳಿ ಅನ್ನೋನು. ನಾನು ಬಾಲ ಸವರಿ, ಬೆನ್ನು ಸವರಿ, ಬಾಯೊಳಗೆ ಬೆರಳಾಡಿಸಿ ಒದ್ದಾಡ್ತಿದ್ರೆ, ನೀನು ಮೂಗು ಹತ್ರ ತಂದು ಒಂದು ಸಲ ಮೂಸಿ, "ರಾಜ" ಅನ್ನೋಳು. ರಾಜನ ವಾಸನೆಯೇ ಬೇರೆ ಅಂತ. ಅಪ್ಪ ನಿನ್ನ ಬೆನ್ನು ತಟ್ಟಿ ನಗೋನು. ನನಗೆ, ಇನ್ನೊಂದ್ಸಲ ನೋಡು ಅನ್ನೋನು. ಯಾವಾಗ್ಲೂ ಅದೇ. ಇನ್ನೊಂದ್ಸಲ ನೋಡು. ಇರ್ಲಿ ಬಿಡು, ಮಕ್ಕಳಾಟ.

ಹೂಂ, ತೆಗಿ, ಮೀನು ತೆಗಿ. ನಾನೇ ತೆಗೀಲಾ? ಅಬ್ಬಾ. ಭಾರ ಇದೆ ಕಣೇ. ಎಲ್ಲಿ ಸಿಕ್ತು, ಕೊಲ್ಲಿ ಬಾಯಲ್ಲಾ? ಬಂಡೆ ಹತ್ರಾನಾ? ಹೇಳಲ್ವಾ? ಸರಿ, ಜಾಗ ಹೇಳದೆ ಇರೋದು ಗಾಳ ಹಾಕೋರ ಹಕ್ಕು. ನಾನೂ ಹೇಳ್ತಿರ್ಲಿಲ್ಲ.

ಎಂಥಾ ಮೀನು. ಮೊದಲು ನೀರು ಹಾಕ್ತೀನಿ. ಬೆನ್ನು ನೋಡು, ಕಡು ಹಸಿರು… ಚುಕ್ಕೆ… ಚುಕ್ಕೆ ಇದೆ. ಬಾಲ. ಬಾಲದ ಮೇಲ್ಗಡೆ ಚುಕ್ಕೆ, ಸರಿ. ಕೆಳಗಡೆ…

ಮರಳು ಅಂಟಿದೆ ಅಲ್ವಾ? ನಿನ್ನ ಚೀಲ ತೊಳೆದು ಎಷ್ಟು ವರ್ಷ ಆಯ್ತೇ ಮಾರಾಯ್ತಿ? ಇರು, ಇನ್ನೊಂಚೂರು ನೀರು.

ಹೂಂ.

ಮರಳೇ. ಹಟಮಾರಿ ಮರಳು. ಇರ್ಲಿ, ಬಾಲದ ಕಥೆ ಬಿಡು, ಮೊದಲು ತೂಕ ನೋಡೋಣ. ಕೊಕ್ಕೆಗೆ ಹಾಕೋಕೆ ಕೈ ಕೊಡು. ಬಿಡು, ನಾನೇ ಹಾಕ್ತೀನಿ. ಮುಳ್ಳು ನಿಲ್ಲಲಿ… ನಿಲ್ಲಲಿ… ಇಪ್ಪತ್ತೆರಡು ಪೌಂಡು ಏಳು ಔನ್ಸು.

ಇಪ್ಪತ್ತೆರಡು ಏಳು, ಫೆಕ್ಲಾ. ಈ ವರ್ಷದ ಇನ್ಯಾವ ಮೀನೂ ಹದಿನಾರು ದಾಟಿಲ್ಲ. ಅಲ್ಲ, ಅಪ್ಪನ ದಾಖಲೆಯೇ ಹೋಯ್ತು. ಆ ಗೋಡೆ ಹಲಗೆ ನೋಡು, ಇನ್ನೊಕೆಂಟಿ, ಇಪ್ಪತ್ತು ಪೌಂಡು ಎರಡು ಔನ್ಸು. ಮೂವತ್ತೊಂದು ವರ್ಷ ಆಯ್ತು ಯಾರೂ ಮುರಿದಿಲ್ಲ. ಮುರಿದಿಲ್ಲ ಅಂದ್ರೆ…

ಗೊತ್ತು, ಗೊತ್ತು. ನೀನು ಏನು ಯೋಚಿಸ್ತಿದೀಯಾ ಅಂತ ಗೊತ್ತು. ಮಾತಾಡೇ ಬಿಡೋಣ, ಅದರಲ್ಲೇನಿದೆ. ಇಬ್ಬರೂ ಮುದುಕಿಯರಾದ್ವಿ. ಅವತ್ತಿನ ನಿನ್ನ ಮೀನೂ ಇಪ್ಪತ್ತೊಂದು ದಾಟಿತ್ತು. ಆದ್ರೆ ಬೆಳ್ಳಿ ಮೀನು ಅಷ್ಟು ದೊಡ್ಡದು ಇರತ್ತಾ ಅಂತ ಯಾರಾದ್ರೂ ಅನ್ಕೋತಾರೆ. ಸಣ್ಣ ರಾಜನೇ ಇರ್ಬೇಕು ಅಂತ ನಾನು ಬಾಯಿ ತೆಗೆಯೋಕೆ ಮೊದಲೇ ಜನ ಮಾತಾಡ್ಕೊತಿದ್ರು. ರಾಜ ಹಿಡಿಯೋದು ತಪ್ಪಲ್ಲ, ಬೇಕಾದಷ್ಟು ಜನ ಹಿಡೀತಾರೆ. ಬೆಳ್ಳಿ ಪಂದ್ಯಕ್ಕೆ ರಾಜನ್ನ ತಂದು ಬೆಳ್ಳಿ ಅಂತ ಇಟ್ಟರೆ ಮೋಸ. ಗೆರಾಸಿಂ ಮೋಸ ಅಂದ, ನಾನು ಆ ಮಾತು ಆಡಲಿಲ್ಲ. ನಾನು ಬಣ್ಣ ಹೇಳ್ದೆ ಅಷ್ಟೇ. ಕಪ್ಪು ಅಂದೆ. ಆಮೇಲೆ ಊರೋರು ನಿನಗೆ ಕಪ್ಪುಬಾಯಿ ಅಂತ ಹೆಸರಿಟ್ಟರು, ಅದಕ್ಕೆ ನಾನೇನು ಮಾಡ್ಲಿ? ಹೊರಗಿನಿಂದ ಗಾಳ ಹಾಕೋಕೆ ಬರೋ ಜನರನ್ನ ನೀನು ನಿನ್ನ ದೋಣಿಲಿ ಕರ್ಕೊಂಡು ಹೋಗ್ತಿದ್ದೆ, ಅವರು ನಿಲ್ಲಿಸಿದ್ರು. ಬೆಳ್ಳಿಗೂ ರಾಜನಿಗೂ ವ್ಯತ್ಯಾಸ ಗೊತ್ತಿಲ್ದೋಳ ಜೊತೆ ಯಾಕೆ ಅಂದ್ರು. ನಂಗೂ ಬೇಜಾರಾಯ್ತು. ನೀನು ದೋಣಿ ಮಾರಿ ಕೋಡಿಯಾಕಿಗೆ ಹೊರಟ ದಿನ ನಾನು ಜೆಟ್ಟಿಗೆ ಬಂದಿದ್ದೆ. ನೀನು ನೋಡ್ಲಿಲ್ಲ. ಹಿಂದೆ ನಿಂತಿದ್ದೆ.

ಮಂಜಿತ್ತು ಕಣೇ ಅವತ್ತು. ಕೈ ಚಾಚಿದ್ರೆ ಕೈ ಕಾಣ್ತಿರ್ಲಿಲ್ಲ. ಅಂಥ ಬೆಳಕಲ್ಲಿ…

ಏನು ತಲೆ ಆಡಿಸ್ತೀಯಾ? ಮಂಜಿರ್ಲಿಲ್ವಾ?

ಇರ್ಲಿಲ್ವೇನೋ. ಹೌದು, ಜನ ಎಲ್ಲ ಹೊರಗೆ ಹುಲ್ಲಿನ ಮೇಲೆ ಊಟ ಮಾಡಿದ್ರು. ಹಾಗಾದ್ರೆ ಬಿಸಿಲು. ಬಿಸಿಲು ನೇರ ನನ್ನ ಕಣ್ಣಿಗೆ ಹೊಡೀತಿತ್ತು. ಮಂಜಿಗಿಂತ ಅದೇ ಕಷ್ಟ, ಎಲ್ಲಾ ಕಪ್ಪಗೇ ಕಾಣತ್ತೆ. ನಂಗೆ ಅದು ಮೊದಲನೇ ವರ್ಷ ಬೇರೆ. ಅಪ್ಪ ಹೋಗಿ ಐದು ತಿಂಗಳು. ಈಸ್ಟರ್ ಹಿಂದಿನ ವಾರ ಮಣ್ಣು ಮಾಡಿದ್ವಿ, ಸೆಪ್ಟೆಂಬರಿಗೆ ಅವನ ಜಾಗದಲ್ಲಿ ನನ್ನ ನಿಲ್ಲಿಸಿದ್ರು. ಕೈ ನಡುಗ್ತಿತ್ತು. ಯಾರಿಗಾದ್ರೂ ತಪ್ಪಾಗತ್ತೆ. ತಪ್ಪಾಗಿತ್ತು ಅಂತ ಅಲ್ಲ. ಆಗಿದ್ರೂ ಆಗಿರ್ಬಹುದು ಅಂತ.

ಇನ್ನೊಂದು ಸಲ ನೋಡೋಣ ಅಂದ್ರೆ ಮೀನಿರ್ಬೇಕಲ್ಲ. ತಲೆ ಕತ್ತರಿಸಿ ಆಗಿತ್ತು. ಪಂದ್ಯಕ್ಕೆ ಸಲ್ಲದ ಮೀನು ಅಡುಗೆಮನೆಗೆ ಹೋಗ್ಬೇಕು ಅಂತ ನಿಯಮ, ಅದಕ್ಕೆ ಕತ್ತರಿಸ್ದೆ. ತಲೆ, ಬಾಲ, ಎರಡೂ ಜೆಟ್ಟಿಯಿಂದ ನೀರಿಗೆ. ಅದು ಪದ್ಧತಿ. ಹೌದು, ಬೇರೆ ಮೀನುಗಳನ್ನ ಸಂಜೆ ಕತ್ತರಿಸ್ತಾರೆ. ಅದನ್ನ ಆಗಲೇ ಕತ್ತರಿಸ್ದೆ. ಬಿಸಿಲಿತ್ತಲ್ಲ, ಕೆಟ್ಟುಹೋಗತ್ತೆ ಅಂತ.

ಆಯ್ತಮ್ಮ, ಮುಗಿದ ಕಥೆ. ಇವತ್ತಿನದು ನೋಡೋಣ. ಬಾ, ಹತ್ರ ಬಾ. ಇದರ ಬಾಯಿ ತೆಗೀತೀನಿ. ಈ ವಾಸನೆ… ನಿನ್ನ ಚೀಲದ್ದೇ ಇರ್ಬೇಕು. ದವಡೆ ಎಷ್ಟು ಬಿಗಿ. ಹಾಂ. ಬಂತು.

ಹಾಂ.

ಬಿಳಿ.

ಬಿಳಿ ಕಣೇ. ಹಲ್ಲಿನ ಬುಡ ಬಿಳಿ. ಬೆಳ್ಳಿ ಮೀನು, ಅನುಮಾನವೇ ಇಲ್ಲ. ಬರೀತೀನಿ ನೋಡು ಪುಸ್ತಕದಲ್ಲಿ. ಫೆಕ್ಲಾ. ಬೆಳ್ಳಿ. ಇಪ್ಪತ್ತೆರಡು ಪೌಂಡು ಏಳು ಔನ್ಸು. ಒಸಡು ಬಿಳಿ. ಗೆದ್ದೆ ಕಣೇ ನೀನು. ಹಲಗೆ ಮೇಲೆ ನಿನ್ನ ಹೆಸರು ಹತ್ತತ್ತೆ, ಅಪ್ಪನ ಹೆಸರಿನ ಮೇಲೆ. ನಂಗೇನೂ ಬೇಜಾರಿಲ್ಲ. ಊರೋರ ಮುಖ ನೋಡ್ಬೇಕು ಈಗ. ಕಪ್ಪುಬಾಯಿ ಅಂದೋರೆಲ್ಲ ಬಂದು ಕೈ ಕುಲುಕ್ತಾರೆ. ಇಲ್ಲಿ ರುಜು ಹಾಕು. ಪೆನ್ನು ತಗೋ.

ತಗೋ.

ಯಾಕೆ? ಕೈ ಒದ್ದೆನಾ? ಈ ಬಟ್ಟೇಲಿ ಒರೆಸ್ಕೋ. ಅದಲ್ವಾ? ಮತ್ತೇನು? ಹೇಳಿದ್ನಲ್ಲ ಬಿಳಿ ಅಂತ. ಸಂತೋಷ ಆಗ್ಲಿಲ್ವಾ? ಯಾರಾದ್ರೂ ನೋಡಿದ್ರೆ ನಾನು ನಿನಗೆ ಬೈದೆ ಅನ್ಕೋಬೇಕು, ಹಾಗೆ ನಿಂತಿದೀಯಾ. ನಗ್ತಾ ಇದೀಯಾ? ಇಲ್ಲ. ನಗ್ತಿಲ್ಲ.

ಮೀನಿನ ಬಾಯಿ ಮತ್ತೆ ಯಾಕೆ ತೆಗೀತೀಯಾ, ನಾನು ನೋಡಿ ಆಯ್ತಲ್ಲ. ಬಿಡು ಫೆಕ್ಲಾ. ಬೆಳಕಿಗೆ ಯಾಕೆ ಹಿಡೀತೀಯಾ? ಕಾಣತ್ತೆ, ಕಾಣತ್ತೆ ನಂಗೆ. ಅಷ್ಟು ಹತ್ರ ತರ್ಬೇಡ.

ನಿಂಗೆ ಗೊತ್ತಿತ್ತು.

ದೋಣಿಗೆ ಎಳ್ಕೊಂಡಾಗಲೇ ಗೊತ್ತಿತ್ತು, ಅಲ್ವಾ? ಜೀವಮಾನ ಎಲ್ಲ ಮೀನು ವಿಂಗಡಿಸಿದೋಳು, ಕಣ್ಣು ಮುಚ್ಕೊಂಡು ಮೂಗಲ್ಲಿ ಹೇಳೋಳು. ಬಂದಾಗಿನಿಂದ ಇದು ಬೆಳ್ಳಿ ಅಂತ ನೀನು ಒಂದು ಸಲನೂ ಹೇಳ್ಲಿಲ್ಲ. ಟಿಕೆಟ್ ತಗೊಂಡೆ, ಮೀನು ತಂದು ಇಟ್ಟೆ, ಸುಮ್ನೆ ನಿಂತೆ. ಬೆಳ್ಳಿ ಬೆಳ್ಳಿ ಅಂತ ಬಡ್ಕೊಂಡಿದ್ದೆಲ್ಲ ನಾನೇ. ಅನೀಸ್ಯಾ ಏನು ಹೇಳ್ತಾಳೆ ನೋಡೋಣ ಅಂತ ಬಂದೆ ನೀನು.

ಕಪ್ಪು. ಆಯ್ತಾ? ಇದ್ದಲಿನ ಹಾಗೆ ಕಪ್ಪು. ಬಾಲದಲ್ಲಿ ಮರಳೂ ಇಲ್ಲ, ಮಣ್ಣೂ ಇಲ್ಲ. ಅದು ರಾಜ ಅಂತ ನೀರು ಹಾಕಿದಾಗಲೇ ಗೊತ್ತಾಯ್ತು. ಮತ್ಯಾಕೆ ಬಿಳಿ ಅಂದೆ ಅಂದ್ರೆ… ನಿಂಗೆ ಏನಾದ್ರೂ ಕೊಡ್ಬೇಕು ಅನ್ನಿಸ್ತು. ಇಷ್ಟು ವರ್ಷದ ಮೇಲೆ ಬಂದಿದೀಯಾ, ಬರಿಗೈಲಿ ಕಳಿಸ್ಬಾರ್ದು ಅಂತ. ಇದನ್ನ ಬೆಳ್ಳಿ ಅಂತ ಬರೆದ್ರೆ, ಆ ಸುಳ್ಳಿಗೆ ಈ ಸುಳ್ಳು ಸರಿಹೋಗತ್ತೆ, ಇಬ್ಬರಿಗೂ…

ಹೂಂ. ಅಂದೆ. ಆ ಸುಳ್ಳು ಅಂದೆ.

ಏನಾದ್ರೂ ಹೇಳೇ. ಬೈಯಿ. ಈ ಮೇಜನ್ನಾದ್ರೂ ಒಂದು ಸಲ ಗುದ್ದು. ಅವತ್ತೂ ಹೀಗೇ ನಿಂತಿದ್ದೆ ನೀನು. ಇನ್ನೊಂದ್ಸಲ ನೋಡು ಅನೀಸ್ಯಾ ಅಂದೆ, ಒಂದೇ ಒಂದು ಸಲ, ಮೆಲ್ಲಗೆ. ನಾನು ಚಾಕು ತಗೊಂಡೆ. ನೀನು ಗೆರಾಸಿಂನ ಕರೆಯೋಕೆ ಮೊದಲು, ಇನ್ನೊಬ್ಬರು ಬಗ್ಗಿ ನೋಡೋಕೆ ಮೊದಲು, ಮೀನಿನ ತಲೆ ಹೋಗ್ಬೇಕಿತ್ತು. ಕೈ ಒಂಚೂರೂ ನಡುಗ್ಲಿಲ್ಲ.

ಬಿಳಿ ಇತ್ತು, ಫೆಕ್ಲಾ.

ಬಿಸಿಲು ನನ್ನ ಕಣ್ಣಿಗೆ ಹೊಡೀತಿರ್ಲಿಲ್ಲ. ಬೆನ್ನ ಹಿಂದಿನಿಂದ ಬಂದು ನೇರ ಅದರ ಬಾಯೊಳಗೆ ಬಿದ್ದಿತ್ತು. ಅಷ್ಟು ಸ್ಪಷ್ಟವಾಗಿ ಇನ್ಯಾವ ಮೀನಿನ ಒಸಡನ್ನೂ ನಾನು ನೋಡಿಲ್ಲ, ಅವತ್ತಿಗೂ, ಇವತ್ತಿನವರೆಗೂ. ಬಾಲದ ಕೆಳಗಡೆ ಒಂದು ಚುಕ್ಕೆ ಇರ್ಲಿಲ್ಲ. ಅಂಥ ಬೆಳ್ಳಿ ಈ ಕೊಲ್ಲಿಗೆ ಇನ್ನೊಂದು ಬಂದಿಲ್ಲ. ಹಲಗೆ ಮೇಲೆ ಅಪ್ಪನ ಹೆಸರು ಅಳಿಸಿ ನಿನ್ನ ಹೆಸರು ಬರೀಬೇಕಿತ್ತು, ನನ್ನ ಕೈಯಲ್ಲಿ. ಮಣ್ಣು ಮಾಡಿ ಐದು ತಿಂಗಳಿಗೆ ಅಪ್ಪನ್ನ ಅಳಿಸೋದು ಹೇಗೆ ಅಂತ ಕೈ ಬರ್ಲಿಲ್ಲ. ಇಷ್ಟು ವರ್ಷ ನಂಗೆ ನಾನೇ ಹೇಳ್ಕೊಂಡಿದ್ದು ಅದನ್ನ. ಅದೂ ಪೂರ್ತಿ ನಿಜ ಅಲ್ಲ.

ಅಪ್ಪ ಇದ್ದಿದ್ರೆ ತಾನೇ ಏಣಿ ಹತ್ತಿ ಅಳಿಸ್ತಿದ್ದ. ನಿನ್ನ ಭುಜ ಹಿಡ್ಕೊಂಡು ಊರೆಲ್ಲ ಸುತ್ತಿಸ್ತಿದ್ದ, ನೋಡ್ರೋ ನನ್ನ ಹುಡುಗಿ ನನ್ನನ್ನೇ ಸೋಲಿಸಿದಾಳೆ ಅಂತ. ನಂಗೆ ಅದು ಕಣ್ಣಿಗೆ ಕಟ್ಟಿತು, ಮೀನಿನ ಬಾಯಿ ಹಿಡ್ಕೊಂಡು ನಿಂತಿರೋವಾಗ. ಸತ್ತ ಮೇಲೂ ನಿನ್ನ ಬೆನ್ನೇ ತಟ್ತಿದ್ದ. ಹೊಟ್ಟೆ ಉರೀತು. ಬಾಯಿಗೆ ಬಂದಿದ್ದು ಕಪ್ಪು ಅನ್ನೋ ಮಾತು. ಒಂದು ಸಲ ಬಂದ ಮೇಲೆ ನುಂಗೋಕಾಗ್ಲಿಲ್ಲ. ಆ ದಿನ ಆಗ್ಲಿಲ್ಲ, ಮಾರನೇ ದಿನ ಇನ್ನೂ ಕಷ್ಟ ಆಯ್ತು, ಆಮೇಲೆ ಜನ ನನ್ನ ಕಣ್ಣನ್ನ ಹೊಗಳೋಕೆ ಶುರು ಮಾಡಿದ್ರು. ಅಷ್ಟು ದೊಡ್ಡ ಮೋಸ ಹಿಡಿದೋಳು ಅಂತ.

ಈ ಪುಟ ಹರಿಯಲ್ಲ. ನೋಡು, ಬೆಳ್ಳಿ ಅಂತ ಬರೆದಿದ್ದರ ಮೇಲೆ ಗೆರೆ ಎಳೀತೀನಿ. ರಾಜ. ಒಸಡು ಕಪ್ಪು. ಪಂದ್ಯಕ್ಕೆ ಸಲ್ಲದು. ನಿನಗೆ ಈ ವರ್ಷ ಏನೂ ಸಿಗಲ್ಲ ಕಣೇ, ಕ್ಷಮಿಸು. ಅದರ ಕೆಳಗೆ ಹಳೇ ತಾರೀಕು ಹಾಕಿ ಅವತ್ತಿನದನ್ನ ಬರೀತೀನಿ. ಇಪ್ಪತ್ತೊಂದು ಪೌಂಡು… ಮೂರು ಔನ್ಸು. ಮರೆತಿಲ್ಲ. ಬೆಳ್ಳಿ. ರುಜು ನನ್ನದು.

ಬೆಂಚು ಎಳೆಯೋ ಸದ್ದು ಕೇಳ್ತಾ? ಊಟ ಮುಗೀತು ಅನ್ಸತ್ತೆ, ಬರ್ತಿದಾರೆ. ನೀನೆಲ್ಲಿಗೆ ಹೊರಟೆ? ಮೀನು ಬಿಟ್ಟು ಹೋಗ್ತೀಯಾ?

ಓ. ಬಾಗಿಲಿಗಾ.

ಬೇಡ ಫೆಕ್ಲಾ, ಬಾಗಿಲು ಹಾಕ್ಬೇಡ. ನಿಂಗೆ ಕೇಳಿಸ್ಕೊಂಡಿದ್ದೇ ಸಾಕು ಅಂತ ಗೊತ್ತಾಯ್ತು. ನಂಗೆ ಸಾಲದು. ಪೂರ್ತಿ ತೆಗೆದಿಡು, ಬರ್ಲಿ ಎಲ್ಲಾರೂ, ಆ ಟೆಕ್ಸಾಸಿನವನೂ ಬರ್ಲಿ. ನೀನು ಇಲ್ಲಿ ಬಾ. ಪಕ್ಕದಲ್ಲಿ ಬೇಡ, ನನ್ನ ಎದುರಿಗೆ ನಿಂತ್ಕೋ, ಈಗ ನಿಂತಿದ್ದೆಯಲ್ಲ, ಹಾಗೇ. ಏನೂ ಮಾತಾಡ್ಬೇಡ. ನಿನ್ನ ಮುಖ ನೋಡ್ಕೊಂಡು ಎಲ್ಲಾರಿಗೂ ಹೇಳ್ತೀನಿ. ಇಲ್ಲಾಂದ್ರೆ ನಾನು ಮತ್ತೆ ಏನಾದ್ರೂ ಕಥೆ ಶುರು ಮಾಡ್ತೀನಿ.